ನಿಮ್ಮ ತಪ್ಪಿಲ್ಲ, ಆದರೂ ಕಾರು ಗುಜರಿಗೆ

ಕಳೆದ ಮಳೆಗಾಲದ ಮಾತು. ಕೊಡಗಿನ ಆನೆಕಾಡು ದಾಟಿ ಸುಂಟಿಕೊಪ್ಪ ಕಡೆ ಬರುತ್ತಿದ್ದೆ. ತಿರುವಿನಲ್ಲಿ ಒಂದು ಟೂರಿಸ್ಟ್ ಕಾರು ಬಸ್ಸನ್ನು ಓವರ್‌ಟೇಕ್ ಮಾಡುತ್ತಾ ನೇರ ನನ್ನ ಮೇಲೇ ಬಂತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಬಾನೆಟ್ ಮುದುಡಿ ಗಾಜಿಗೆ ತಾಗಿತ್ತು. ಹಿಂದಿನ ಸೀಟಿನಲ್ಲಿದ್ದ ಕರಿಮೆಣಸಿನ ಚೀಲ ಒಡೆದು ಕಾಳು ಡ್ಯಾಶ್‌ಬೋರ್ಡ್ ತನಕ ಚೆಲ್ಲಿತ್ತು.

ಆ ಕಾರಿಂದ ಇಳಿದ ಹುಡುಗನ ಮೊದಲ ಮಾತೇನು ಗೊತ್ತಾ? "ಅಂಕಲ್, ಪೊಲೀಸ್ ಎಲ್ಲ ಬೇಡ. ಇಪ್ಪತ್ತೈದು ಸಾವಿರ ಈಗಲೇ ಫೋನ್‌ಪೇ ಮಾಡ್ತೀನಿ." ಠಾಣೆಯಲ್ಲೂ ಅದೇ ರಾಗ. ಯಾರಿಗೂ ಏಟಾಗಿಲ್ವಲ್ಲ, ನೀವೇ ಮಾತಾಡಿ ಮುಗಿಸ್ಕೊಳ್ಳಿ ಅಂದರು. ನಾನು ಒಪ್ಪಲಿಲ್ಲ. ಸುಮ್ನೆ ಹಠಕ್ಕಲ್ಲ. ಎಫ್‌ಐಆರ್, ಸ್ಥಳ ಮಹಜರು, ಆರ್‌ಟಿಒ ಇನ್‌ಸ್ಪೆಕ್ಟರ್ ವಾಹನ ನೋಡಿ ಕೊಡುವ ವರದಿ, ಈ ಮೂರೂ ಇಲ್ಲದಿದ್ದರೆ ತಪ್ಪು ಯಾರದ್ದು ಅಂತ ಆಮೇಲೆ ತೋರಿಸೋದು ಬಹಳ ಕಷ್ಟ.

ನನ್ನದು ಹಳೇ ಕಾರು, ಇದ್ದದ್ದು ಥರ್ಡ್ ಪಾರ್ಟಿ ಪಾಲಿಸಿ ಮಾತ್ರ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗಷ್ಟೇ ದುಡ್ಡು ಕೊಡುವ ವಿಮೆ. ನಮ್ಮ ತೋಟಗಳ ಎಷ್ಟೋ ಹಳೇ ಜೀಪು, ಓಮ್ನಿಗಳ ಕಥೆಯೂ ಇದೇ ಅಲ್ವಾ? "ನಿಮಗೆ ಏನೂ ಸಿಗಲ್ಲ ಬಿಡಿ" ಅಂದರು ಗ್ಯಾರೇಜಿನವರು. ಇದು ಶುದ್ಧ ತಪ್ಪು. ಗುದ್ದಿದವನ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಆ ಥರ್ಡ್ ಪಾರ್ಟಿ ಅಂದರೆ ನಾನೇ! ಅದು ಗಾಯ, ಸಾವಿಗೆ ಮಾತ್ರ ಅಲ್ಲ, ನನ್ನ ಕಾರಿಗೂ ಅನ್ವಯಿಸುತ್ತದೆ. ಕಾರಿನ ಪಾಲಿಸಿಯಲ್ಲಿ ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ. ಪ್ರೀಮಿಯಂ ಉಳಿಸಲು ಕೆಲವರು ಅದನ್ನು 6,000ಕ್ಕೆ ಇಳಿಸಿಕೊಂಡಿರುತ್ತಾರೆ. ಹಾಗಿದ್ದರೆ ಮಿಕ್ಕದ್ದನ್ನು ಅವರ ಕೈಯಿಂದಲೇ ವಸೂಲಿ ಮಾಡಬೇಕು.

ಇದಕ್ಕೆ ಹೋಗಬೇಕಾದದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂ. ಗುದ್ದಿದವನು ಬೆಂಗಳೂರಿನವನಾದರೂ ನೀವು ಅಲ್ಲಿಗೆ ಅಲೆಯಬೇಕಿಲ್ಲ. ಅಪಘಾತ ಆದ ಕಡೆ ಅಥವಾ ನೀವಿರುವ ಕಡೆ ಅರ್ಜಿ ಹಾಕಬಹುದು. ಆರು ತಿಂಗಳ ಒಳಗೆ ಹಾಕಿಬಿಡಿ, ಕಾಫಿ ಕೊಯ್ಲು ಮುಗಿಯಲಿ ಅಂತ ಕೂರಬೇಡಿ. ಇನ್ನೊಂದು ವಿಷಯ: ನಿಮ್ಮ ಕಂಪನಿಗೆ ಕ್ಲೇಮ್ ಇಲ್ಲ ಅಂದಮೇಲೆ ಅವರ ಸರ್ವೇಯರ್ (ನಷ್ಟ ಎಷ್ಟು ಅಂತ ಅಂದಾಜು ಮಾಡುವವರು) ಬರಲ್ಲ. ಲೈಸೆನ್ಸ್ ಇರುವ ಸರ್ವೇಯರ್ ಒಬ್ಬರನ್ನು ನೀವೇ ದುಡ್ಡು ಕೊಟ್ಟು ಕರೆಸಿ. ಅಪಘಾತಕ್ಕೆ ಮೊದಲು ಕಾರಿನ ಬೆಲೆ ಎಷ್ಟಿತ್ತು, ಗುಜರಿಗೆ ಎಷ್ಟು ಬರುತ್ತೆ, ಎರಡನ್ನೂ ಬರೆಸಿಕೊಳ್ಳಿ.

ಫುಲ್ ಇನ್ಶೂರೆನ್ಸ್, ಅಂದರೆ ಸ್ವಂತ ಕಾರಿನ ಹಾನಿಗೂ ದುಡ್ಡು ಕೊಡುವ ಪಾಲಿಸಿ ಇದ್ದವರಿಗೆ ದಾರಿ ಸುಲಭ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದಿರುವ ಕಾರಿನ ಬೆಲೆ) 75 ಪರ್ಸೆಂಟ್ ದಾಟಿದರೆ ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ಹೋಯಿತು ಅಂತ ಲೆಕ್ಕ. ಆದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಹೋಗುತ್ತದೆ. ತಪ್ಪು ಗುದ್ದಿದವನದ್ದು, ಹೋಗೋ ಬೋನಸ್ ನಮ್ಮದು! ನನಗೆ ಹೊಟ್ಟೆ ಉರಿಯೋದು ಇಲ್ಲೇ. ಒಂದೇ ನಷ್ಟಕ್ಕೆ ಎರಡು ಕಡೆ ಹಣ ಪಡೆಯುವ ಹಾಗಿಲ್ಲ, ಸರಿ. ಆದರೆ ಕಂಪನಿ ಕೊಡದೆ ಉಳಿದ ನಷ್ಟವನ್ನು ಗುದ್ದಿದವನಿಂದ ಕೇಳಬಹುದು. ಅದಕ್ಕೇ "ಪೂರ್ತಿ ಮತ್ತು ಅಂತಿಮ" ಅಂತಿರುವ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಕಂಪನಿ ಕಡಿಮೆ ಕೊಟ್ಟರೆ ಮೊದಲು ಅವರಿಗೇ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಲೋಕಪಾಲರ ಹತ್ತಿರ ಹೋಗಿ, ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಡ.

ಗುಜರಿಯವನು ಬಂದಾಗ ಮಾತ್ರ ಜಾಸ್ತಿ ಹುಷಾರು. ಆರ್‌ಸಿ (ಗಾಡಿಯ ನೋಂದಣಿ ಪತ್ರ) ನಿಮ್ಮ ಹೆಸರಲ್ಲೇ ಇದ್ದು, ಅದೇ ಬಾಡಿಯನ್ನು ಯಾರಾದರೂ ರಿಪೇರಿ ಮಾಡಿ ಓಡಿಸಿ ಇನ್ನೊಬ್ಬರಿಗೆ ಗುದ್ದಿದರೆ, ನೋಟಿಸು ನಿಮ್ಮ ಮನೆಗೇ ಬರುತ್ತದೆ. ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಮಡಿಕೇರಿ ಆರ್‌ಟಿಒದಲ್ಲಿ ಆರ್‌ಸಿ ರದ್ದು ಮಾಡಿಸಿದ ಮೇಲೆಯೇ ಕಾರು ಎತ್ತಲು ಬಿಟ್ಟೆ. ಕೇಸು ಇನ್ನೂ ನಡೀತಿದೆ. ಅಲ್ಲೀವರೆಗೆ ಬಸ್ಸೇ ಗತಿ.