ಅವ್ವನ ಪಕ್ಕ ಕುಳಿತು ನೋಡಿದ ವರ್ಷ

ವೀಕ್ಷಕರೇ, ಕಲಬುರಗಿಯಿಂದ ನಿಮಗೆಲ್ಲ ನಮಸ್ಕಾರ. 2025ರಲ್ಲಿ ಟಿ.ವಿ.ಯಲ್ಲಿ ನನ್ನ ಮನಸ್ಸಿಗೆ ಹಿಡಿಸಿದ ಕಾರ್ಯಕ್ರಮಗಳು ಯಾವುವು, ಅವು ಏಕೆ ಹಿಡಿಸಿದವು ಎಂಬುದನ್ನು ಇವತ್ತು ಹೇಳಲಿದ್ದೇನೆ. ಅದಕ್ಕೆ ಮೊದಲು ಐವತ್ತು ವರ್ಷದ ಹಿಂದಿನ ಮಾತೊಂದನ್ನು ಹೇಳಬೇಕು, ಏಕೆಂದರೆ ನನ್ನ ಆಯ್ಕೆಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ.

1975ರ ಆಗಸ್ಟ್ 1ರಂದು ಇಸ್ರೊ ಮತ್ತು ಅಮೆರಿಕದ ನಾಸಾ ಸಂಸ್ಥೆಗಳು ಸೇರಿ ‘ಸೈಟ್’ ಎಂಬ ಪ್ರಯೋಗವನ್ನು ಆರಂಭಿಸಿದವು. ಎಟಿಎಸ್-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮಗಳನ್ನು ತಲುಪಿಸುವುದು ಅದರ ಉದ್ದೇಶವಾಗಿತ್ತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಬೆಂಗಳೂರೂ ಅಲ್ಲ, ಮೈಸೂರೂ ಅಲ್ಲ. ಅಂದಿನ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, ಸೇಡಂ ತಾಲ್ಲೂಕಿನ ಒಂದು ಊರಿನ ಶಾಲೆಯ ಅಂಗಳದಲ್ಲಿ ಹತ್ತು ವರ್ಷದ ನನ್ನ ಅವ್ವ ಓಣಿಯ ಜನರೊಂದಿಗೆ ನೆಲದ ಮೇಲೆ ಕುಳಿತು ಟಿ.ವಿ. ನೋಡಿದ್ದಳು. ಕೋಳಿಗೂಡಿನ ಜಾಳಿಗೆಯಂಥ ತಂತಿಯಿಂದ ಮಾಡಿದ ಹತ್ತಡಿ ಅಗಲದ ಕೊಡೆಯಂಥ ಆಂಟೆನಾ, ಬೆಳಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯದ ಮಾತು, ಆರೋಗ್ಯದ ಮಾತು, ಒಂದಿಷ್ಟು ಹಾಡು ಮತ್ತು ಆಟ. ಆ ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಮರುವರ್ಷ ಗುಲಬರ್ಗಾದಲ್ಲಿಯೇ ದೂರದರ್ಶನದ ಪ್ರಸಾರ ಆರಂಭವಾಯಿತು. ಅವ್ವನಿಗೆ ಇವೆಲ್ಲ ಇಸವಿಗಳು ಗೊತ್ತಿಲ್ಲ. ಅವಳಿಗೆ ನೆನಪಿರುವುದು ಒಂದೇ: “ಆ ಪೆಟ್ಟಿಗ್ಯಾಗಿನ ಮನಷಾ ನಮ್ಮ ಜ್ವಾಳದ ಬಗ್ಗಿ ಮಾತಾಡ್ಲತ್ತಿದ್ದ.”

ಈ ವರ್ಷ ಆ ಸಂಜೆಗೆ ಐವತ್ತು ತುಂಬಿತು. ಅವ್ವನಿಗೆ ಅರವತ್ತು. ಕಲಬುರಗಿಯ ನಮ್ಮ ಮನೆಯಲ್ಲಿ ಈಗಲೂ ಸಂಜೆ ಏಳರಿಂದ ಹತ್ತರವರೆಗೆ ಟಿ.ವಿ. ಅವಳ ಅಧೀನದಲ್ಲಿಯೇ ಇರುತ್ತದೆ. ಶಾಲೆಯ ಕೆಲಸ ಮುಗಿಸಿ ಬಂದ ಮೇಲೆ ನಾನು ಅವಳ ಪಕ್ಕದಲ್ಲಿ ಕುಳಿತು, ಉತ್ತರಪತ್ರಿಕೆ ತಿದ್ದುತ್ತ, ಅವಳು ನೋಡಿದ್ದನ್ನೆಲ್ಲ ನೋಡಿದ್ದೇನೆ. ಪೆಟ್ಟಿಗೆಯೊಳಗಿನ ಮನುಷ್ಯ ಈಗಲೂ ನಮ್ಮ ಜೋಳದ ಬಗ್ಗೆ ಮಾತನಾಡುತ್ತಾನೆಯೇ? ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ವರ್ಷವಿಡೀ ನೋಡಿದೆ.

ಧಾರಾವಾಹಿಗಳ ಪೈಕಿ ನನಗೆ ಬಹಳ ಹತ್ತಿರವಾದದ್ದು ಕಲರ್ಸ್ ಕನ್ನಡದ ‘ಭಾಗ್ಯಲಕ್ಷ್ಮೀ’. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಕಥೆಯ ಭಾಗ್ಯ ಹೆಚ್ಚು ಓದದ ಗೃಹಿಣಿ, ಸುಷ್ಮಾ ಕೆ. ರಾವ್ ಆ ಪಾತ್ರವನ್ನು ಮಾಡುತ್ತಾರೆ. ಓದಿಲ್ಲದವಳೆಂದು ಗಂಡನಿಂದ ಹೀಗಳೆಸಿಕೊಂಡ ಹೆಂಗಸು ಮತ್ತೆ ಶಾಲೆಯ ಬೆಂಚಿನ ಮೇಲೆ ಕೂರುತ್ತಾಳೆ, ಸಂಸಾರ ಒಡೆದಾಗ ಅಡುಗೆಯ ಕೈಯನ್ನೇ ನಂಬಿ ದುಡಿಮೆಗೆ ಇಳಿಯುತ್ತಾಳೆ. ಇಲ್ಲಿಯವರೆಗೆ ಇದು ಅನೇಕ ಕಥೆಗಳಲ್ಲಿ ಬಂದ ದಾರಿಯೇ ಹೌದು. ಬೇರೆಯಾಗುವುದು ಅತ್ತೆಯ ಪಾತ್ರದಲ್ಲಿ. ಪದ್ಮಜಾ ರಾವ್ ಮಾಡಿರುವ ಕುಸುಮಾ ಎಂಬ ಅತ್ತೆ, ತಾನು ಹೆತ್ತ ಮಗನ ತಪ್ಪನ್ನು ತಪ್ಪೆಂದು ಹೇಳಿ, ಸೊಸೆಯ ಬೆನ್ನಿಗೆ ನಿಲ್ಲುತ್ತಾಳೆ. ಧಾರಾವಾಹಿಯ ಅತ್ತೆಯೆಂದರೆ ಹಾಲಿನಲ್ಲಿ ಏನನ್ನೋ ಬೆರೆಸುವವಳು ಎಂದು ನಂಬಿದ್ದ ನಮ್ಮ ಓಣಿಯ ಹೆಂಗಸರು, ಈ ಅತ್ತೆಯ ಮಾತು ಬಂದಾಗ ಕೈಯಲ್ಲಿನ ಕೆಲಸ ಬಿಟ್ಟು ಕೇಳುತ್ತಾರೆ.

ಏಳು ಗಂಟೆಯೆಂದರೆ ನಮ್ಮ ಮನೆಯಲ್ಲಿ ರೊಟ್ಟಿಯ ಹೊತ್ತು. ಅಡುಗೆಮನೆಯ ಬಾಗಿಲಿನಿಂದ ಟಿ.ವಿ. ಕಾಣುವ ಹಾಗೆ ಅವ್ವ ಕೂರುತ್ತಾಳೆ. ಎಸರು ಹಾಕಿ ಹಿಟ್ಟು ನಾದುವಾಗ ಕಣ್ಣು ಟಿ.ವಿ.ಯ ಮೇಲಿರುತ್ತದೆ, ರೊಟ್ಟಿ ಬಡಿಯುವಾಗ ಕಿವಿ ಮಾತ್ರ, ಏಕೆಂದರೆ ಅಂಚು ಸೀಳಬಾರದು. ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದ ಮೇಲೆ ಮತ್ತೆ ಕಣ್ಣು ಆಚೆ ಹೋಗುತ್ತದೆ. ಒಂದು ಸಂಜೆ ಭಾಗ್ಯ ತನ್ನ ಅಡುಗೆಯ ದುಡ್ಡನ್ನು ಎಣಿಸುವ ದೃಶ್ಯ ಬಂದಾಗ ಅವ್ವನ ಕೈ ಹಿಟ್ಟಿನಲ್ಲಿಯೇ ನಿಂತುಬಿಟ್ಟಿತು, ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು. ಇಪ್ಪತ್ತು ವರ್ಷ ಮನೆಮನೆಗೆ ರೊಟ್ಟಿ ಮಾಡಿಕೊಟ್ಟು ನನ್ನನ್ನು ಓದಿಸಿದವಳು ಅವಳು. ಈಗ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಮಾಡಿದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಪೊಟ್ಟಣವಾಗಿ ದೂರದ ಊರುಗಳಿಗೆ ಹೋಗುತ್ತಿದೆ. ಅವ್ವನ ಕಾಲದಲ್ಲಿ ಆ ದುಡಿಮೆಗೆ ಹೆಸರೇ ಇರಲಿಲ್ಲ. ಸುಟ್ಟ ರೊಟ್ಟಿಯನ್ನು ಅವಳು ಬದಿಗಿಟ್ಟು, “ಆಕಿ ರೊಕ್ಕ ಎಣಸೂದು ನೋಡು, ಬೆರಳಿಗಿ ಉಗುಳು ಹಚ್ಚಲಾರದೇ ಎಣಸ್ತಾಳ,” ಎಂದಳು. ದುಡಿದ ಹೆಂಗಸಿನ ಕಣ್ಣಿಗೆ ಮಾತ್ರ ಕಾಣುವ ಕೊರತೆ ಅದು.

ಇಂಥ ಕೊರತೆಗಳು ಬಹಳ ಇವೆ, ಅವನ್ನು ನಾನು ಮುಚ್ಚಿಡುವುದಿಲ್ಲ. ದುಡಿಯುವ ಮನೆಯ ಅಡುಗೆಕೋಣೆಯಲ್ಲಿ ಒಂದು ಮಸಿಯ ಕಲೆಯೂ ಕಾಣುವುದಿಲ್ಲ. ಹದಿನೈದು ನಿಮಿಷದಲ್ಲಿ ಮುಗಿಯುವ ಜಗಳವನ್ನು ಹದಿನೈದು ದಿನ ಎಳೆಯುತ್ತಾರೆ. ಆದರೂ, ವಾರಕ್ಕೆ ಐದಾರು ಕಂತು ಕೊಡಬೇಕಾದ ಒತ್ತಡದಲ್ಲಿ ಒಬ್ಬ ಹೆಂಗಸಿನ ದುಡಿಮೆಯನ್ನು ಕಥೆಯ ನಡುವೆ ಇಟ್ಟು ಇಷ್ಟು ದಿನ ಬಿಡದೆ ನಡೆಸಿದ್ದಕ್ಕಾಗಿ ನಾನು ಈ ಧಾರಾವಾಹಿಯನ್ನು ಮನಸಾರೆ ಮೆಚ್ಚುತ್ತೇನೆ.

ಜೀ ಕನ್ನಡದ ‘ಅಮೃತಧಾರೆ’ಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇದು ಹಿಂದಿಯಿಂದ ಬಂದ ಕಥೆ. ಆದರೆ ರಾಜೇಶ್ ನಟರಂಗ ಮತ್ತು ಛಾಯಾ ಸಿಂಗ್ ಒಂದೇ ಕೋಣೆಯಲ್ಲಿ ಮಾತಿಲ್ಲದೆ ಕುಳಿತಾಗ ಅದು ಎಲ್ಲಿಂದ ಬಂದ ಕಥೆ ಎಂಬುದು ಮರೆತುಹೋಗುತ್ತದೆ. ವಯಸ್ಸು ಮೀರಿದ ಮೇಲೆ ಮದುವೆಯಾದ ಇಬ್ಬರ ಸಂಕೋಚ ಮತ್ತು ಗೌರವವನ್ನು ಅವರು ಕಣ್ಣಿನಲ್ಲಿಯೇ ತೋರಿಸುತ್ತಾರೆ. ಸಂಚು, ಸಾವಿನ ಬೆದರಿಕೆ, ಮನೆಯೊಳಗಿನ ವಿಷಸರ್ಪದಂಥ ಪಾತ್ರಗಳು ಬಂದ ವಾರಗಳಲ್ಲಿ ನಾನು ಎದ್ದು ಹೋಗಿದ್ದೇನೆ. ಅವರಿಬ್ಬರೇ ಇದ್ದ ಕಂತುಗಳನ್ನು ಬಿಟ್ಟಿಲ್ಲ.

ಈಗ ಮಾತಿನ ವಿಷಯ. ಇದು ನನ್ನನ್ನು ನಿಜವಾಗಿ ನೋಯಿಸುವ ಸಂಗತಿ. ಧಾರಾವಾಹಿಗಳಲ್ಲಿ ನಮ್ಮ ಕಡೆಯ ಮಾತನಾಡುವವರು ಯಾರೆಂದು ಒಂದು ವಾರ ಗಮನಿಸಿ ನೋಡಿ. ಮನೆಗೆಲಸದವಳು, ಗೇಟು ಕಾಯುವವನು, ಹೊಟ್ಟೆಬಾಕ ಮಾವ. ಕಥಾನಾಯಕಿ ಅಳುವುದು, ಪ್ರೀತಿಸುವುದು, ನ್ಯಾಯ ಹೇಳುವುದು ಎಲ್ಲವೂ ಬೆಂಗಳೂರಿನ ಮಾತಿನಲ್ಲಿ. ನಗಿಸಬೇಕಾದಾಗ ಮಾತ್ರ ನಮ್ಮ ಮಾತು. ಅದೂ ನಮ್ಮದಲ್ಲ. ಧಾರವಾಡದವರು “ಮಾಡಾಕತ್ತಾರ” ಎನ್ನುತ್ತಾರೆ, ನಾವು “ಮಾಡ್ಲತ್ತಾರ” ಎನ್ನುತ್ತೇವೆ. ಅಲ್ಲಿ “ಐತಿ”, ಇಲ್ಲಿ “ಅದ”. ಬೀದರಿನಲ್ಲಿ ಅದಕ್ಕೆ ಮರಾಠಿ ಮತ್ತು ಉರ್ದುವಿನ ಇನ್ನೊಂದು ರುಚಿ ಸೇರುತ್ತದೆ, ಯಾದಗಿರಿಯ ಗಡಿಯ ಊರುಗಳಲ್ಲಿ ತೆಲುಗಿನ ರಾಗ ಕೇಳುತ್ತದೆ. ಎಲ್ಲವನ್ನೂ ಒಂದೇ ಮುದ್ದೆ ಮಾಡಿ ಕೊನೆಗೊಂದು “ರೀ” ಅಂಟಿಸಿದರೆ ಅದು ಉತ್ತರ ಕರ್ನಾಟಕದ ಭಾಷೆಯೆಂದು ಬರೆಯುವವರು ತಿಳಿದಿದ್ದಾರೆ. ನನ್ನ ತರಗತಿಯ ಮಕ್ಕಳು ಪಾಠ ಓದುವಾಗ ತಮ್ಮ ಮಾತು ಬಾಯಿಗೆ ಬಂದರೆ ತಾವೇ ನಾಲಗೆ ಕಚ್ಚಿಕೊಳ್ಳುತ್ತಾರೆ, ಉಳಿದವರು ನಗುತ್ತಾರೆ. ಆ ನಗುವನ್ನು ಅವರು ಎಲ್ಲಿ ಕಲಿತರೆಂದು ನನಗೆ ಗೊತ್ತು.

ಆದ್ದರಿಂದಲೇ ಜನವರಿ 26ರ ರಾತ್ರಿ ನನಗೆ ದೊಡ್ಡದು. ‘ಬಿಗ್ ಬಾಸ್’ ಕನ್ನಡದ ಹನ್ನೊಂದನೆಯ ಆವೃತ್ತಿಯನ್ನು ಹಾವೇರಿ ಜಿಲ್ಲೆಯ ಹನುಮಂತ ಗೆದ್ದರು. ಆ ಕಾರ್ಯಕ್ರಮದ ಕೂಗಾಟ ನನಗೆ ಸೇರುವುದಿಲ್ಲ, ಬಹುತೇಕ ಕಂತುಗಳನ್ನು ನಾನು ಅರ್ಧ ಮನಸ್ಸಿನಿಂದಲೇ ನೋಡಿದ್ದೇನೆ. ಆದರೆ ಕುರಿ ಕಾಯುತ್ತ ಹಾಡು ಕಲಿತ, ‘ಸರಿಗಮಪ’ದಲ್ಲಿ ಎರಡನೆಯ ಸ್ಥಾನಕ್ಕೆ ಬಂದಿದ್ದ ಈ ಲಂಬಾಣಿ ಯುವಕ, ಆಟ ಆರಂಭವಾದ ಮೇಲೆ ತಡವಾಗಿ ಆ ಮನೆಯೊಳಗೆ ಹೋಗಿ, ಲುಂಗಿ ಉಟ್ಟುಕೊಂಡು, ತನ್ನ ಮಾತನ್ನು ಒಂದಕ್ಷರವೂ ಬದಲಿಸದೆ ಕೊನೆಯವರೆಗೆ ಉಳಿದರು. ಅವರ ಮಾತಿಗೆ ಜನ ನಕ್ಕರು, ನಿಜ. ಆದರೆ ವಾರಗಳು ಕಳೆದಂತೆ ಅದೇ ಮಾತಿನಲ್ಲಿ ಅವರು ಹೇಳಿದ ತೀರ್ಪನ್ನು ಉಳಿದವರು ತಲೆಯಾಡಿಸಿ ಕೇಳತೊಡಗಿದರು. ನಗುವುದಕ್ಕೆ ಮಾತ್ರ ಎಂದು ಇಟ್ಟಿದ್ದ ಮಾತು ನಂಬುವುದಕ್ಕೂ ಆಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಜಿಲ್ಲೆಯ ತಾಂಡಾಗಳಿಂದ ಮುಂಬೈ, ಪುಣೆಗೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳು ನನ್ನ ಶಾಲೆಯಲ್ಲಿದ್ದಾರೆ. ಮರುದಿನ ಬೆಳಗ್ಗೆ ಅವರಲ್ಲೊಬ್ಬ ಹುಡುಗ, ಎಂದೂ ಕೈ ಎತ್ತದವನು, ಪದ್ಯ ಹಾಡುತ್ತೇನೆಂದು ಎದ್ದು ನಿಂತ. ಹಾಡಿದ ಕೂಡ.

ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯನ್ನು ಈ ವರ್ಷದ ಪಟ್ಟಿಗೆ ಸೇರಿಸಿದರೆ ಕೆಲವರು ಹಳೆಯದೆಂದು ಆಕ್ಷೇಪಿಸಬಹುದು. 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದಿರುವ ರಸಪ್ರಶ್ನೆ ಇದು, ಸಾವಿರಾರು ಕಂತುಗಳನ್ನು ದಾಟಿದೆ. ಸರಿಯುತ್ತರಕ್ಕೆ ಅಲ್ಲಿ ಬಹುಮಾನವಾಗಿ ಸಿಗುವುದು ಕನ್ನಡದ ಪುಸ್ತಕ. ವೈದ್ಯರಾದ ಅವರು ಉತ್ತರ ಹೇಳಿದ ಮೇಲೆ ಅದರ ಹಿಂದಿನ ಕಾರಣವನ್ನೂ ವಿವರಿಸುತ್ತಾರೆ, ತಪ್ಪು ಹೇಳಿದವರನ್ನು ಎಂದೂ ಸಣ್ಣವರನ್ನಾಗಿ ಮಾಡುವುದಿಲ್ಲ. ಪಾಠ ಹೇಳುವವನಾಗಿ ನಾನು ಅವರಿಂದ ಕಲಿತದ್ದು ಅದನ್ನೇ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಅವ್ವ, ಬೆಳೆ, ಮಳೆ, ನಕ್ಷತ್ರಗಳ ಪ್ರಶ್ನೆ ಬಂದಾಗ ಸ್ಪರ್ಧಿಗಳಿಗಿಂತ ಮೊದಲು ಉತ್ತರ ಹೇಳಿ, ನನ್ನ ಕಡೆ ನೋಡುತ್ತಾಳೆ.

ಕ್ರಿಕೆಟ್ಟನ್ನು ಕಾರ್ಯಕ್ರಮವೆಂದು ಒಪ್ಪುವುದಾದರೆ, ನವೆಂಬರ್ 2ರಂದು ನವಿ ಮುಂಬೈಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಎತ್ತಿದ ರಾತ್ರಿಯನ್ನು ನಾನು ಬಿಡಲಾರೆ. ಮಳೆಯಿಂದ ತಡವಾಗಿ ಆರಂಭವಾಗಿ ನಡುರಾತ್ರಿ ಮುಗಿದ ಆ ಆಟವನ್ನು ಓಣಿಯ ನಾಲ್ಕು ಹುಡುಗಿಯರು ನಮ್ಮ ಮನೆಯಲ್ಲಿಯೇ ಕುಳಿತು ನೋಡಿದರು. ಮರುದಿನ ಶಾಲೆಗೆ ಯಾರೂ ತಡವಾಗಿ ಬರಲಿಲ್ಲ.

ಇಷ್ಟಾದರೂ, ಈ ವರ್ಷ ನಾನು ನೋಡಿದವುಗಳಲ್ಲಿ ಎಲ್ಲಕ್ಕಿಂತ ಮೇಲೆ ಇಡುವುದು ಹೆಸರಿಲ್ಲದ ಒಂದು ಕಾರ್ಯಕ್ರಮವನ್ನು.

ಸೆಪ್ಟೆಂಬರ್ ಕೊನೆಯ ವಾರ ಭೀಮೆ ಉಕ್ಕಿದ್ದು ನಿಮಗೆ ನೆನಪಿದೆ. ಇಲ್ಲಿಯ ಮಳೆಯ ಜೊತೆಗೆ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ಸೇರಿ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಡದ ಊರುಗಳಿಗೆ ನುಗ್ಗಿತು. ತೊಗರಿಯ ಹೊಲಗಳು ಕೆರೆಯಂತಾದವು. ನನ್ನ ಅಕ್ಕನನ್ನು ಕೊಟ್ಟದ್ದು ಅಂಥ ಒಂದು ಊರಿಗೆ. ಫೋನು ಹೋಗುತ್ತಿರಲಿಲ್ಲ. ಅವ್ವ ರಾಜ್ಯಮಟ್ಟದ ಒಂದು ಸುದ್ದಿವಾಹಿನಿಯನ್ನು ಹಚ್ಚಿ ಒಂದು ತಾಸು ಕುಳಿತಳು. ಪರದೆಯ ತುಂಬ ರಿಯಾಲಿಟಿ ಶೋ ಒಂದರ ಹೊಸ ಆವೃತ್ತಿಗೆ ಯಾರು ಯಾರು ಹೋದರೆಂಬ ಚರ್ಚೆ. ಕೆಳಗೆ ಓಡುವ ಸಾಲಿನಲ್ಲಿ ಒಮ್ಮೆ ‘ಭೀಮಾ ತೀರದಲ್ಲಿ ಪ್ರವಾಹ’ ಎಂದು ಬಂದು ಹೋಯಿತು. ಅವ್ವ ಏನೂ ಅನ್ನಲಿಲ್ಲ, ರಿಮೋಟನ್ನು ನನ್ನ ಕೈಗೆ ಕೊಟ್ಟಳು.

ನಾನು ನಮ್ಮ ಊರಿನ ಕೇಬಲ್ ವಾಹಿನಿಯನ್ನು ಹಚ್ಚಿದೆ. ಇಪ್ಪತ್ತೈದು ವರ್ಷ ದಾಟಿರದ ಒಬ್ಬ ಹುಡುಗ ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದ. ಪ್ಯಾಂಟನ್ನು ಮಡಚಿದ್ದ, ಮೈಕಿಗೆ ಪ್ಲಾಸ್ಟಿಕ್ ಚೀಲ ಸುತ್ತಿದ್ದ. ಹಿನ್ನೆಲೆಗೆ ಸಂಗೀತವಿರಲಿಲ್ಲ, ಕೂಗಾಟವಿರಲಿಲ್ಲ. ಕಾಗದದ ಹಾಳೆಯೊಂದನ್ನು ನೋಡುತ್ತ ಯಾವ ಊರಿಗೆ ನೀರು ಬಂದಿದೆ, ಯಾವ ರಸ್ತೆ ಮುಚ್ಚಿದೆ, ಬ್ಯಾರೇಜಿನಿಂದ ಎಷ್ಟು ನೀರು ಬಿಟ್ಟಿದ್ದಾರೆ, ಯಾವ ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಿದ್ದಾರೆ ಎಂದು ಒಂದೊಂದಾಗಿ ಓದಿದ. ನಡುವೆ ತಲೆಯೆತ್ತಿ, “ನೀರು ಇನ್ನೂ ಏರ್ಲತ್ತದ್ರೀ, ದನಾ ಬಿಚ್ಚಿ ಬಿಡ್ರಿ, ಕಟ್ಟಿ ಹಾಕಿ ಬರಬ್ಯಾಡ್ರಿ,” ಎಂದ. ನಮ್ಮ ಮಾತು, ಯಾರನ್ನೂ ನಗಿಸುವುದಕ್ಕಲ್ಲ. ಅವನು ಓದಿದ ಪಟ್ಟಿಯಲ್ಲಿ ಅಕ್ಕನ ಊರಿನ ಹೆಸರಿತ್ತು, ಅಲ್ಲಿಯ ಜನರನ್ನು ಕರೆದೊಯ್ದ ಶಾಲೆಯ ಹೆಸರೂ ಇತ್ತು. ಅವ್ವ ಅದನ್ನು ಎರಡು ಸಲ ಬಾಯಿಬಿಟ್ಟು ಹೇಳಿಕೊಂಡಳು.

ಆ ಇಪ್ಪತ್ತು ನಿಮಿಷದ ಪ್ರಸಾರಕ್ಕೆ ಶೀರ್ಷಿಕೆಯಿಲ್ಲ, ಟಿ.ಆರ್.ಪಿ. ಇಲ್ಲ, ಅದನ್ನು ಈಗ ಹುಡುಕಿದರೆ ಎಲ್ಲಿಯೂ ಸಿಗುವುದಿಲ್ಲ. ಮರುದಿನ ಬೆಳಗ್ಗೆ ನಾನು ಮತ್ತು ನಮ್ಮ ಕಾಕಾ ಬಳಸುದಾರಿಯಲ್ಲಿ ಆ ಶಾಲೆಗೆ ಹೋದೆವು. ಅಕ್ಕ ಎರಡನೆಯ ತರಗತಿಯ ಕೋಣೆಯಲ್ಲಿ, ಕರಿಹಲಗೆಯ ಕೆಳಗೆ, ಮಗುವನ್ನು ಮಲಗಿಸಿಕೊಂಡು ಕುಳಿತಿದ್ದಳು. ದನಗಳನ್ನು ಬಿಚ್ಚಿಬಿಟ್ಟೇ ಬಂದಿದ್ದರು.