ಎಲೆಯೇ ಇಲ್ಲದ ಈ ಮುಳ್ಳಿನ ಪೊದೆ ಯಾವುದು?

[ಫೋಟೊ: ಮರಳಿನ ನಡುವೆ ಹಸಿರು ಕಡ್ಡಿಗಳ ಪೊದೆ]

ನಮಸ್ಕಾರ. ಸುರತ್ಕಲ್ಲಿನ ವೀಕ್ಷಕರೊಬ್ಬರು ಜೈಸಲ್ಮೇರಿಗೆ ಹೋದಾಗ ತೆಗೆದ ಫೋಟೊ ಇದು. "ಇದು ಬಳ್ಳಾರಿ ಜಾಲಿ ಅಲ್ವಾ?" ಅಂತ ಕೇಳಿದ್ದಾರೆ.

ಅಲ್ಲ. ಬಳ್ಳಾರಿ ಜಾಲಿಗೂ ಜೋಡಿ ಮುಳ್ಳಿದೆ, ನಿಜ. ಆದರೆ ಅದಕ್ಕೆ ಹುಣಸೆಯಂಥ ಎಲೆ, ಮೇಲಾಗಿ ಅದು ಅಮೆರಿಕ ಖಂಡದಿಂದ ಬಂದದ್ದು. ಇದು ಥಾರ್ ಮರುಭೂಮಿಯದ್ದೇ ಗಿಡ. ಹೆಸರು ಕೇರ್.

ಒಂದು ಎಲೆಯೂ ಕಾಣುವುದಿಲ್ಲ, ಹಾಗಂತ ಒಣಗಿಲ್ಲ. ನಮ್ಮ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಜೈಸಲ್ಮೇರಿನಲ್ಲಿ 200 ಕೂಡ ಇಲ್ಲ. ಎಲೆ ಇದ್ದಷ್ಟೂ ನೀರು ಆವಿಯಾಗುತ್ತದೆ. ಅದಕ್ಕೇ ಚಿಗುರಿನ ಸಣ್ಣ ಎಲೆಗಳು ಬೇಗ ಉದುರಿ, ಅಡುಗೆ ಕೆಲಸವನ್ನು ಹಸಿರು ಕಡ್ಡಿಗಳೇ ಮಾಡುತ್ತವೆ.

[ಫೋಟೊ ದೊಡ್ಡದಾಗುತ್ತದೆ: ಒಂದು ಗೆಣ್ಣು]

ಈಗ ಮುಳ್ಳು. ನನಗೆ ತುಂಬಾ ಇಷ್ಟದ ಭಾಗ, ಇಲ್ಲಿ ಸ್ವಲ್ಪ ನಿಲ್ಲೋಣ. ಗೆಣ್ಣಿಗೆ ಎರಡರಂತೆ ಗಿಡ್ಡ ಮುಳ್ಳು. ಎರಡೂ ಒಂದೇ ತರಹ. ಅಲ್ಲೇ ಪಕ್ಕದಲ್ಲಿ ಬೆಳೆಯುವ ಕಾಡು ಬೋರೆಗೂ ಜೋಡಿ ಮುಳ್ಳು, ಆದರೆ ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ! ನೆಟ್ಟಗಿನದ್ದು ಚುಚ್ಚುತ್ತದೆ, ಕೊಕ್ಕೆ ಅಂಗಿ ಹಿಡಿದು ಎಳೆಯುತ್ತದೆ. ಇವೆಲ್ಲ ಎಲೆಯ ಬುಡದ ಪುಟ್ಟ ಎಸಳುಗಳು ಮುಳ್ಳಾದದ್ದು.

ನಮ್ಮ ಗುಡ್ಡದ ಕರಂಡೆ ನೋಡಿ. ಅದರಲ್ಲಿ ಗೆಲ್ಲೇ ಮುಳ್ಳಾಗಿದೆ. ಕೆಲವು ಮುಳ್ಳಿನ ತುದಿ ಕವಲೊಡೆಯುವುದೂ ಅದಕ್ಕೇ. ಕಡ್ಡಿ ಮುರಿದರೆ ಹಾಲು ಬರುತ್ತದೆ, ಕೇರ್‌ನಲ್ಲಿ ಬರುವುದಿಲ್ಲ. ಗುಲಾಬಿಯ ಮುಳ್ಳು ಬರೀ ಸಿಪ್ಪೆಯದ್ದು, ಬೆರಳಲ್ಲಿ ಬದಿಗೆ ಒತ್ತಿದರೆ ಪಟ್ಟಂತ ಕಿತ್ತು ಬರುತ್ತದೆ. ಮುಳ್ಳು ಎಲ್ಲಿಂದ ಹುಟ್ಟಿದೆ ಅಂತ ನೋಡಿದರೆ ಗಿಡದ ಗುರುತು ಅರ್ಧ ಸಿಕ್ಕಿದ ಹಾಗೆ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಹೂವು ಇಟ್ಟಿಗೆ ಕೆಂಪು. ಹಣ್ಣು ಗುಂಡಗೆ, ಮಾಗಿದರೆ ಕೆಂಪು. ಎಳೆ ಕಾಯಿಯನ್ನು ಅಲ್ಲಿನವರು ಉಪ್ಪುನೀರಿನಲ್ಲೋ ಮಜ್ಜಿಗೆಯಲ್ಲೋ ದಿನಗಟ್ಟಲೆ ನೆನೆಸಿ, ಕಹಿ ಬಿಡಿಸಿ ಉಪ್ಪಿನಕಾಯಿ ಹಾಕುತ್ತಾರೆ. ಗಂಜಿಗೆ ಅಂತ ನಾವು ಕರಂಡೆಯನ್ನು ಉಪ್ಪುನೀರಿಗೆ ಹಾಕಿಡುತ್ತೇವಲ್ಲ, ಹಾಗೇ.

ಜೋಧಪುರಕ್ಕೆ ಹೋಗುವವರು ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿರುವ ರಾವ್ ಜೋಧಾ ಪಾರ್ಕನ್ನು ಖಂಡಿತ ನೋಡಿ. 2006ರಲ್ಲಿ ಶುರುವಾದದ್ದು. ಕಲ್ಲುಕುಟಿಗರು ಬಂಡೆ ಕೊರೆದು ಬಳ್ಳಾರಿ ಜಾಲಿಯ ಬೇರು ಕಿತ್ತು, ಆ ಹೊಂಡಗಳಲ್ಲೇ ಮರುಭೂಮಿಯ ಗಿಡಗಳನ್ನು ನೆಟ್ಟಿದ್ದಾರೆ.

ಮುಂದಿನ ಸಲ ಫೋಟೊ ಕಳಿಸುವಾಗ ಇಡೀ ಪೊದೆಯ ಜೊತೆಗೆ ಒಂದು ಗೆಣ್ಣನ್ನೂ ಹತ್ತಿರದಿಂದ ತೆಗೆದು ಕಳಿಸಿ.