ಅಜ್ಜಿ ಹಾಡುತ್ತಿದ್ದರು

ಕೇಳುಗರಿಗೆ ನಮಸ್ಕಾರ. ಸ್ಪ್ಯಾನಿಷ್ ಕಲಿಯಲು ಹೊರಟು, ಭೂತಕಾಲದ ಪಾಠ ಬಂದ ಕೂಡಲೇ ಪುಸ್ತಕ ಮುಚ್ಚಿಟ್ಟವರಿದ್ದೀರಲ್ಲ, ಇವತ್ತಿನ ಮಾತು ನಿಮಗೇ. ಅಲ್ಲಿ ಇಂಪರ್ಫೆಕ್ಟ್ ಅಂತ ಒಂದು ರೂಪ ಇದೆ. ಕನ್ನಡಿಗರಿಗೆ ಅದು ಹೊಸದೇ ಅಲ್ಲ. ‘ಹಾಡುತ್ತಿದ್ದೆ, ತಿನ್ನುತ್ತಿದ್ದೆ’ ಅಂತೀವಲ್ಲ, ಅದೇ ಅದು.

ನಾನು ಸ್ಪೇನಿನ ಸಲಮಾಂಕಾದಲ್ಲಿ ಓದುವಾಗ ವಯಸ್ಸಾದ ಹೆಂಗಸೊಬ್ಬರ ಮನೆಯಲ್ಲಿದ್ದೆ. ಒಂದು ರಾತ್ರಿ ಊಟದ ಹೊತ್ತಿಗೆ ನಮ್ಮಜ್ಜಿಯ ಮಾತು ಬಂತು. ಅಜ್ಜಿ ನಸುಕಿನಲ್ಲೇ ಎದ್ದು ರಾಗಿ ಬೀಸುತ್ತಾ ಹಾಡುತ್ತಿದ್ದರು. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈಯಲ್ಲಿ ಕಾಳು, ಕಲ್ಲು ಸುತ್ತಿದ ಹಾಗೆ ಪದ. ಇಷ್ಟೆಲ್ಲ ಹೇಳುವ ಆಸೆ ನನಗೆ. ಬಾಯಿಗೆ ಬಂದದ್ದು ‘ಮಿ ಅಬ್ವೇಲಾ ಕಾಂತೊ’. ಆಕೆ ಚಮಚ ಕೆಳಗಿಟ್ಟು ‘ಕ್ವಾಂದೊ?’ ಅಂದರು. ಯಾವಾಗ? ನಾನು ಮತ್ತೆ ‘ಕಾಂತೊ’ ಅಂದೆ. ಮದುವೆಯಲ್ಲಾ, ಹಬ್ಬದಲ್ಲಾ ಅಂತ ಕೇಳಿದರು. ನಾನು ಹೇಳಿದ್ದು ‘ಅಜ್ಜಿ ಹಾಡಿದರು’ ಅಂತ. ಯಾವತ್ತೋ ಒಂದು ಸಲ, ಮುಗೀತು. ಕೊನೆಗೆ ಬೀಸೋದನ್ನು ಕೈಯಲ್ಲೇ ತೋರಿಸಿ ‘ತೊದೊಸ್ ಲೊಸ್ ದೀಆಸ್’, ದಿನಾ ದಿನಾ ಅಂದೆ. ಆಕೆಯ ಮುಖ ಅರಳಿತು. ‘ಆ! ಕಾಂತಾಬಾ!’ ಆಮೇಲೆ ತಮ್ಮ ಅಮ್ಮ ಬಟ್ಟೆ ಒಗೆಯುತ್ತಾ ಹಾಡುತ್ತಿದ್ದುದನ್ನು ಹೇಳಲು ಶುರು ಮಾಡಿದರು. ‘ಲಬಾಬಾ, ಕಾಂತಾಬಾ’, ಅರ್ಧ ಗಂಟೆ ಬರೀ ಆಬಾ, ಆಬಾ.

ನಾನು ತಪ್ಪಿದ್ದು ಇಂಗ್ಲಿಷ್ ಮೂಲಕ ಹೋಗಿದ್ದರಿಂದ. ಅಲ್ಲಿ ‘ಸ್ಯಾಂಗ್’ ಅಂದರೆ ಹಾಡಿದರು ಅಂತಲೂ ಆಗುತ್ತದೆ, ಹಾಡುತ್ತಿದ್ದರು ಅಂತಲೂ ಆಗುತ್ತದೆ. ದಯವಿಟ್ಟು ಆ ದಾರಿ ಬೇಡ. ಕನ್ನಡದಲ್ಲೇ ಯೋಚಿಸಿ. ‘ತ್ತಿದ್ದ’ ಬಂತಾ? ಇಂಪರ್ಫೆಕ್ಟ್ ಹಾಕಿ.

ಹಾಕೋದು ಹೇಗೆ? ಕಾಂತಾರ್ ಅಂದರೆ ಹಾಡುವುದು. ಕೊನೆಯ ‘ಆರ್’ ತೆಗೆದು ‘ಆಬಾ’ ಸೇರಿಸಿ. ನಾನು ಹಾಡುತ್ತಿದ್ದೆ, ಕಾಂತಾಬಾ. ನೀನು, ಕಾಂತಾಬಾಸ್. ಅವನು, ಅವಳು, ಮತ್ತೆ ಕಾಂತಾಬಾ. ನಾವು, ಕಾಂತಾಬಾಮೊಸ್. ನೀವೆಲ್ಲ, ಕಾಂತಾಬೈಸ್. ಅವರೆಲ್ಲ, ಕಾಂತಾಬಾನ್. ಎಲ್ಲದರಲ್ಲೂ ಒತ್ತು ‘ತಾ’ ಮೇಲೆ.

ಸಮಯ ಆಗುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ‘ಎರ್’, ‘ಇರ್’ ಕೊನೆಯವಕ್ಕೆ ‘ಈಆ’. ತಿನ್ನುವುದು ಕೊಮೇರ್, ತಿನ್ನುತ್ತಿದ್ದೆ ಕೊಮೀಆ. ಬಾಳುವುದು ಬಿಬೀರ್, ಬಾಳುತ್ತಿದ್ದೆ ಬಿಬೀಆ. ಹೇಳಿದ ಮಾತು ಕೇಳದವು ಇಡೀ ಭಾಷೆಯಲ್ಲಿ 3 ಮಾತ್ರ: ಸೆರ್ ಅಂದರೆ ಇರುವುದು, ಇರ್ ಅಂದರೆ ಹೋಗುವುದು, ಬೆರ್ ಅಂದರೆ ನೋಡುವುದು. ಮೂರೇ ಮೂರು, ಅಲ್ವಾ? ಅವು ಏರಾ, ಈಬಾ, ಬೇಈಆ ಆಗುತ್ತವೆ.

ಈಗ ರೇಡಿಯೊ ಮುಂದೆಯೇ, ನಿಮ್ಮ ಮನೆಯಲ್ಲಿ ಯಾರು ದಿನಾ ಹಾಡುತ್ತಿದ್ದರು ಅಂತ ನೆನೆಸಿಕೊಂಡು, ಜೋರಾಗಿ ಒಂದು ಸಲ ಹೇಳಿ. ಮಿ ಅಬ್ವೇಲಾ ಕಾಂತಾಬಾ. ನಮಸ್ಕಾರ.